ಎರ್ರಮ್ಮನ ಮಳಿಗೆಯ ಬಾಡಿಗೆ

“ನೀಡ ಕೊಡಬ್ಯಾಡೋ ತಮ್ಮಾ! ಎರ್ರಮ್ಮಗ ಬೇರೆ ಏನಾರ ಕೊಡು, ನೀಡ ಮಾತ್ರ ಕೊಡಬ್ಯಾಡ!”

ಮಿರ್ಚಿ ಕರಿಯುವ ಉಚ್ಚಮ್ಮ ಸೌಟು ಎತ್ತಿ ಕೂಗಿದಳು. ಆದೋನಿಯ ಆ ಓಣಿಯೆಲ್ಲ ಗಕ್ಕನೆ ನಿಂತಿತು. ಎಣ್ಣೆಯಲ್ಲಿದ್ದ ಮಿರ್ಚಿಗಳೂ ಚುರುಗುಟ್ಟುವುದನ್ನು ನಿಲ್ಲಿಸಿದವೆಂದರೆ ನಂಬಬೇಕು. ನಗು ಬಂದದ್ದು ಒಬ್ಬನಿಗೇ, ಕೊಟ್ಟೂರಿನಿಂದ ಹೊಲಿಗೆ ಯಂತ್ರ ಹೊತ್ತು ಬಂದಿದ್ದ ದರ್ಜಿ ಬಜಾರಪ್ಪನಿಗೆ.

“ನೀಡು ಅಂದ್ರ ಕೊಡು ಅಂತಲ್ಲೇನಬೇ? ಕೊಡು ಕೊಡಬ್ಯಾಡ ಅಂದ್ರ ನಾ ಏನ್ ತಿಳ್ಕೊಬೇಕು?” ಎಂದವನು ಉತ್ತರಕ್ಕೆ ಕಾಯದೆ ಎದುರಿಗಿದ್ದ ಎರ್ರಮ್ಮನ ಮಳಿಗೆಯತ್ತ ನಡೆದ.

ಕಾಯಲು ಪುರುಸೊತ್ತಾದರೂ ಎಲ್ಲಿತ್ತು? ಹೆಸರಿನಲ್ಲೇ ಬಜಾರ ಇದ್ದವನಿಗೆ ಬಜಾರದಲ್ಲಿ ಗೇಣು ಜಾಗ ಸಿಕ್ಕಿರಲಿಲ್ಲ. ಜರ್ಮನಿಯ ಯುದ್ಧದ ಕಾಲ. ಸಾಹುಕಾರರು ಕೋಣೆ, ಕೊಟ್ಟಿಗೆ, ಬಚ್ಚಲಿನವರೆಗೂ ಹತ್ತಿ ಅಂಡಿಗೆ ತುಂಬಿದ್ದರು. ಇಲಿಗಳೇ ಜಾಗವಿಲ್ಲದೆ ಚಿಪ್ಪಗಿರಿಗೆ ಗುಳೆ ಹೋಗಿದ್ದವು. ಉಳಿದ ಒಂದೊಂದು ಮೂಲೆಗೆ ಕೇಳುವ ಬಾಡಿಗೆಯಲ್ಲಿ ಆದೋನಿಯ ಕೋಟೆಯನ್ನೇ ಕೊಳ್ಳಬಹುದಿತ್ತು. ಮಳಿಗೆ ಸಿಗದಿದ್ದರೆ ಯಂತ್ರ ಮಾರಿ ಮಾವನ ಮನೆಯ ಕುರಿ ಕಾಯಬೇಕು. ಹೆಂಡತಿ ಶಂಕರಮ್ಮ ತವರಿನಲ್ಲಿ ಕುಳಿತು ಅವನ ಕರೆಗೆ ಕಾಯುತ್ತಿದ್ದಳು.

ಎರ್ರಮ್ಮನ ಮಳಿಗೆಯಲ್ಲಿ ಮಟಮಟ ಮಧ್ಯಾಹ್ನವೂ ಕತ್ತಲು. ಎಂಥ ಕತ್ತಲು? ಕತ್ತರಿಸಿ ಕೋಟು ಹೊಲಿಯಬಹುದಾದಷ್ಟು ದಪ್ಪ. ಸುಟ್ಟ ಕೂದಲು, ನೆನೆದ ಹತ್ತಿ, ಹಳಸಿದ ಎಣ್ಣೆಯ ವಾಸನೆ ಮೂಗಿಗೆ ಅಡರಿತು. ಒಳಗಿಂದ ಮುದುಕಿಯ ದನಿ ತೆವಳಿ ಬಂತು.

“ಬಾಡುಗ ವದ್ದು. ನೀ ನೀಡ ಇಸ್ತೆ ಚಾಲು.”

ಬಾಡಿಗೆ ಬೇಡವೆಂದದ್ದಷ್ಟೇ ಅವನಿಗೆ ತಿಳಿಯಿತು. ಉಳಿದದ್ದು ‘ನೀ ನೀಡು, ಸಾಕು’ ಎಂದು ಕೇಳಿಸಿತು.

“ನೀಡ್ತೀನಿ ತಾಯಿ, ಕೈ ತುಂಬ ನೀಡ್ತೀನಿ!”

ಎರ್ರಮ್ಮ ಹೊತ್ತು ವಾಲುವವರೆಗೆ ಕಾಯಿಸಿದಳು. ಬಿಸಿಲಿಗೆ ಬೆನ್ನು ಮಾಡಿ ಹೊಸ್ತಿಲ ಮೇಲೆ ನಿಲ್ಲಿಸಿದಳು. ಒಳಗೆ ಚಾಚಿಕೊಂಡ ಅವನ ನೆರಳಿನ ನೆತ್ತಿಯಿಂದ ಹಿಮ್ಮಡಿಯವರೆಗೆ ಕಪ್ಪು ದಾರ ಎಳೆದಳು. ತುಟಿ ಅಲುಗುತ್ತಿತ್ತು, ದನಿ ಇರಲಿಲ್ಲ.

“ದರ್ಜಿಗೇ ಅಳತಿ ತಗೊಂತಿಯಲ್ಲಬೇ! ತೋಳು ಬಿಟ್ಟೀ ನೋಡು,” ಎಂದು ಬಜಾರಪ್ಪ ಹಲ್ಲು ಕಿಸಿದ. ಮುದುಕಿ ದಾರವನ್ನು ಉಂಡೆ ಮಾಡಿ, ಗಂಟು ಬಿಗಿದು, ಹೊಸ್ತಿಲ ಕೆಳಗೆ ಹುಗಿದಳು.

ವ್ಯಾಪಾರ ಉಕ್ಕಿತು. ಉರುಕುಂದದವರೆಗೂ ಯಾರ ಮೈ ಮೇಲೆ ನೋಡಿದರೂ ಅವನು ಹೊಲಿದ ಅಂಗಿ. ನೆಲ ನೋಡಲೂ ಬಿಡುವಿಲ್ಲ. ಶಂಕರಮ್ಮನಿಗೆ ಬಾ ಎಂದು ಹೇಳಿಕಳಿಸಿದ.

ಆ ದಿನ ಇಳಿಬಿಸಿಲು ಬಾಗಿಲಲ್ಲಿ ನುಗ್ಗಿತು. ನೆಲದ ಮೇಲೆ ಯಂತ್ರದ ನೆರಳು ಬಿತ್ತು. ಸ್ಟೂಲಿನ ನೆರಳು ಬಿತ್ತು. ಅದರ ಮೇಲೆ ಕುಳಿತವನದು ಬೀಳಲಿಲ್ಲ.

ತಲೆಯೆತ್ತಿದ. ಹಿಂದಿನ ಗೋಡೆಯಲ್ಲಿ ಅವನ ನೆರಳು ಬಾಗಿ ಹೊಲಿಯುತ್ತಿತ್ತು. ಪಕ್ಕದ್ದು ತಕ್ಕಡಿ ಹಿಡಿದಿತ್ತು. ಅದರಾಚೆಯದು ತಿದಿ ಒತ್ತುತ್ತಿತ್ತು. ಮಳಿಗೆಯ ಹಳೆಯ ಬಾಡಿಗೆದಾರರೆಲ್ಲ ಸಾಲಾಗಿ ದುಡಿಯುತ್ತಿದ್ದರು. ಸದ್ದಿಲ್ಲದೆ.

“ಉಚ್ಚವ್ವಾ!”

ಅವಳು ಓಡಿ ಬಂದಳು. ಹೊಸ್ತಿಲಾಚೆಯೇ ನಿಂತಳು. “ಕೊಟ್ಟುಬಿಟ್ಟೇನೋ? ನೀಡ ಅಂದ್ರ ತೆಲುಗಿನ್ಯಾಗ ನೆರಳೋ ತಮ್ಮಾ! ಆಕಿ ಹುಗಿದ ದಾರ ತಗಿ. ಗಂಟು ಬಿಚ್ಚು. ಹರೀಬ್ಯಾಡ!”

ಕತ್ತರಿಯಿಂದ ಮಣ್ಣು ಬಗೆದ. ಸಿಕ್ಕ ಉಂಡೆ ಹಿಡಿದು ಸ್ಟೂಲಿಗೆ ಮರಳಿದ. ಉಗುರು ಹಾಕಿ ಎಳೆದ. ಗಂಟು ಬಿಚ್ಚದು. ಬಿಚ್ಚದ ಗಂಟು ಕಂಡರೆ ದರ್ಜಿಯ ಹಲ್ಲು ಸುಮ್ಮನಿರುತ್ತದೆಯೇ? ಬಾಯಿಗಿಟ್ಟ. ಕಚ್ಚಿದ.

ಹರಿಯಿತು.

ಗೋಡೆಯ ನೆರಳು ನಡುವಿಗೆ ತುಂಡಾಯಿತು. ಅವನ ಕಾಲು ತಣ್ಣಗಾದವು. ಏಳಲು ನೋಡಿದ. ಆಗಲಿಲ್ಲ. ಯಂತ್ರ ಮಾತ್ರ ನಿಲ್ಲಲಿಲ್ಲ. ಗೋಡೆಯ ಕಾಲುಗಳು ತುಳಿಯುತ್ತಿದ್ದವು. ಟಕ. ಟಕ. ಟಕ.

ಉಚ್ಚಮ್ಮ ಅಂದೇ ಬಾಣಲೆ ಎತ್ತಿಕೊಂಡು ಬೇರೆ ಓಣಿ ಸೇರಿದಳು. ಶಂಕರಮ್ಮ ಬಂದಳು, ಅತ್ತಳು, ಎಳೆದಳು. ಹತ್ತು ಜೋಡಿ ಎತ್ತು ಕಟ್ಟಿ ಎಳೆದರೂ ಕದಲುವ ಗಂಡನಲ್ಲ. ಜಾಗ ಬೇಡಿದ್ದ, ಜಾಗ ಅವನನ್ನು ಹಿಡಿದುಕೊಂಡಿತ್ತು.

ಮಳಿಗೆಯ ಇನ್ನೊಂದು ಮಗ್ಗುಲು ಖಾಲಿಯಿತ್ತು. ಹರಿಹರದ ಕಡೆಯ ಗಡಿಯಾರ ರಿಪೇರಿಯವನೊಬ್ಬ ಪೆಟ್ಟಿಗೆ ಹೊತ್ತು ಬಂದು ಬಾಡಿಗೆ ಕೇಳಿದ. ಕತ್ತಲಿನಿಂದ ದನಿ ತೆವಳಿತು.

“ನೀ ನೀಡ ಇಸ್ತೆ ಚಾಲು.”

ನೆರಳು ಎಂದು ಕೂಗಲು ಬಜಾರಪ್ಪ ಬಾಯ್ತೆರೆದ. ನೆರಳಿಲ್ಲದವನ ನಾಲಿಗೆಗೆ ಆ ಮಾತು ಬರಲಿಲ್ಲ.

“ನೀಡ... ನೀಡ ಕೊಡಬ್ಯಾಡ...”

ಗಡಿಯಾರದವನಿಗೆ ನಗು ತಡೆಯಲಾಗಲಿಲ್ಲ. “ಕೊಡು ಕೊಡಬ್ಯಾಡ ಅಂತೀರಲ್ರೀ ಯಜಮಾನ್ರ!” ಎನ್ನುತ್ತ ಹೊಸ್ತಿಲ ಮೇಲೆ ನಿಂತ, ಬೆನ್ನಿಗೆ ಬಿಸಿಲು ಬೀಳುವ ಹಾಗೆ.