ಹೊನ್ನಜ್ಜಿಯ ದನಿ ಕಳುವಾದದ್ದು

“ನಮ್ಮಜ್ಜಿ ದನಿ ಕಳುವಾಗಿ ಹೋತು, ಬಂಗಾರಕ್ಕ” ಎಂದು ಹಿರೇಗುತ್ತಿಯ ಹೇಮಾ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಹೇಳಿದಳು.

ಕುಮಟಾ ಬಸ್ ಸ್ಟ್ಯಾಂಡಿನ ಹಿಂದಿನ ಆ ಪುಟ್ಟ ಅಂಗಡಿಯಲ್ಲಿ ಬಂಗಾರಕ್ಕ ರೇಡಿಯೊ, ಮೊಬೈಲು ರಿಪೇರಿ ಮಾಡುತ್ತಿದ್ದಳು. ಕೆಟ್ಟ ಮೊಬೈಲಿನ ಜೊತೆಗೆ ಊರವರ ಬಿಡಿಸಲಾಗದ ಗೋಜಲುಗಳೂ ಅಲ್ಲಿಗೇ ಬರುತ್ತಿದ್ದವು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದ ರವೀಂದ್ರ ದಿನವೂ ಬಂದು ಅಲ್ಲಿನ ಸ್ಟೂಲಿನ ಮೇಲೆ ಕೂರುತ್ತಿದ್ದದ್ದು ಆ ಗೋಜಲುಗಳಿಗಾಗಿಯೇ. ಈಗ ಎದ್ದು ಹೇಮಾಗೆ ಜಾಗ ಬಿಟ್ಟುಕೊಟ್ಟ.

ಹೇಮಾಳ ಅಜ್ಜಿ ಹೊನ್ನಜ್ಜಿ ತೀರಿಕೊಂಡು ತಿಂಗಳಾಗಿತ್ತು. ಮನೆಯ ಹೆಣ್ಣು ಮದುವೆಯಾಗಿ ಹೊಸಲು ದಾಟುವಾಗ ಹೇಳುವ ಉದ್ದದ ಹಾಡೊಂದು ಅವಳೊಬ್ಬಳಿಗೇ ಪೂರ್ತಿ ಬರುತ್ತಿತ್ತು. ಅದನ್ನು ಹೇಮಾ ಹಳೆಯ ಮೊಬೈಲಿನಲ್ಲಿ ತುಂಬಿಸಿಟ್ಟಿದ್ದಳು. ಬರುವ ಭಾನುವಾರ ಚಿಕ್ಕಪ್ಪನ ಮಗಳು ರಂಜಿತಾಳ ಮದುವೆ. ಅಷ್ಟರಲ್ಲಿ ಕೇಳಿ ಕಲಿಯಬೇಕೆಂದಿದ್ದಾಗ, ಮಂಗಳವಾರ ಮಧ್ಯಾಹ್ನ ಗೋಡೆಗೂಡಿನಲ್ಲಿದ್ದ ಮೊಬೈಲು ಮಾಯವಾಗಿತ್ತು. ಪಕ್ಕದಲ್ಲೇ ಇದ್ದ ತಮ್ಮ ಪ್ರವೀಣನ ಹೊಸ ಇಯರ್‌ಬಡ್ ಡಬ್ಬಿಯೂ ಇರಲಿಲ್ಲ.

“ಬೇರೆ ಕಾಪಿ?”

“ಇಲ್ಲ. ನಿಮ್ಮ ಹತ್ರವೇ ತರೂದು ಅಂತಿತ್ತು. ಅಜ್ಜಿ ಒಂದೊಂದು ಸಾಲು ಹೇಳಿ ಸುಮ್ಮನಾಗಿಬಿಟ್ಟಿದೆ. ಆ ಖಾಲಿ ಜಾಗ ಎಲ್ಲ ಕತ್ತರಿಸಿ ತೆಗೆಸ್ವ ಅಂತ ಸೋಮವಾರ ಅಂಗಳದಲ್ಲಿ ಎಲ್ಲರೆದುರಿಗೆ ಹೇಳಿದ್ದೆ.”

“ಅಜ್ಜಿ ಒಬ್ಬಳೇ ಹಾಡಿದ್ದಾ?”

“ಆಚೆಮನೆ ಮಂಜಜ್ಜಿ ಅವಳ ಜೋಡಿ. ಅಜ್ಜಿ ಹೇಳಿದ ಸಾಲನ್ನು ತಿರುಗಿ ಹೇಳೂದು ಅವಳ ಕೆಲಸ. ದನಿ ಕಲಸಿ ಹೋಗ್ತದೆ ಅಂತ ಆ ದಿನ ನಾನೇ ಅವಳಿಗೆ ಸುಮ್ಮನೆ ಕೂರೂಕೆ ಹೇಳಿದ್ದೆ. ಅವಳಿಗೆ ಬಾಯಿಪಾಠ ಇಲ್ಲ, ಬಂಗಾರಕ್ಕ. ಮುಂದಿನ ಸಾಲು ಅಜ್ಜಿ ಎತ್ತಿಕೊಟ್ಟರೆ ಮಾತ್ರ.” ಹೇಮಾ ತಲೆ ತಗ್ಗಿಸಿದಳು. “ಪ್ರವೀಣನೇ ಮಾರಿಕೊಂಡ ಅಂತ ಅಪ್ಪ ಬೈದಿದಾರೆ. ನಾನೂ ಎರಡು ಮಾತು ಹೇಳಿದೆ. ಅವನು ರಿಕ್ಷಾದಲ್ಲೇ ಕೂತಿರ್ತಾನೆ, ಉಣ್ಣೂಕೂ ಒಳಗೆ ಬರೂದಿಲ್ಲ.”

ಇಯರ್‌ಬಡ್ ಎಂಥದೆಂದು ಕೇಳಿ ತಿಳಿದ ಬಂಗಾರಕ್ಕ ಗಾಜಿನ ಪೆಟ್ಟಿಗೆಯಿಂದ ಅಂಥದೇ ಒಂದು ಜೊತೆ ತೆಗೆದಳು. ಅದು ಕಿವಿಯ ತೂತಿನೊಳಗೆ ಹೋಗುವಂಥದಲ್ಲ. ಕೊಕ್ಕೆಯಂತೆ ಕಿವಿಗೆ ಸಿಕ್ಕಿಕೊಂಡು ಹೊರಗೇ ನಿಲ್ಲುವಂಥದು.

“ಇದನ್ನು ಕೊಳ್ಳೂಕೆ ಬಂದವರಿಗೆ ನಾನು ಕೇಳೂದು ಒಂದೇ, ರವೀಂದ್ರ. ಎಲ್ಲಿ ಕೂತು ಕೇಳ್ತೀರಿ ಅಂತ. ಅದೊಂದು ಗೊತ್ತಾದರೆ ಇದು ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಹೇಳಬೋದು.”

“ಕಳ್ಳ ಯಾರು ಅಂತಲೂ?”

“ಬಸ್ಸು ಹತ್ತು, ನೋಡ್ವ.”

ಬಸ್ಸಿನಲ್ಲಿ ಬಂಗಾರಕ್ಕ ಅದನ್ನು ರವೀಂದ್ರನ ಕಿವಿಗೆ ಸಿಕ್ಕಿಸಿ ಯಕ್ಷಗಾನ ಹಾಕಿದಳು. ಇಂಜಿನ್ನಿನ ಗುಡುಗು, ಕಂಡಕ್ಟರನ ಸೀಟಿ, ಹಿಂದಿನ ಸೀಟಿನ ಹೆಂಗಸಿನ ಮೂಲವ್ಯಾಧಿಯ ಕತೆ ಎಲ್ಲವೂ ಕೇಳಿತು. ಭಾಗವತರು ಮಾತ್ರ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಾಡುತ್ತಿರುವಂತಿತ್ತು. ಹಿರೇಗುತ್ತಿಯಲ್ಲಿ ಇಳಿದಾಗ ರಿಕ್ಷಾದಲ್ಲಿ ಕೂತಿದ್ದ ಪ್ರವೀಣ, ಕೇಳುವ ಮೊದಲೇ ಹೇಳಿದ: “ರಿಕ್ಷಾ ಸದ್ದಲ್ಲಿ ಅದು ಪ್ರಯೋಜನ ಇಲ್ಲ, ಅಕ್ಕ. ಹಳೆ ಮೊಬೈಲಿಗೆ ಒಮ್ಮೆ ಜೋಡಿಸಿ ನೋಡಿ ಗೂಡಲ್ಲಿಟ್ಟಿದ್ದೆ. ಡಬ್ಬಿ ಬಿಚ್ಚಿದರೆ ತಾನೇ ಹೊಂದಿಕೊಳ್ತದೆ, ಯಾರು ಬೇಕಾದರೂ ಬಳಸಲಿ ಅಂತ.”

ಪಕ್ಕದಲ್ಲೇ ದುರ್ಗನ ಹಿಟ್ಟಿನ ಗಿರಣಿ. ಆ ಇಯರ್‌ಬಡ್ಡನ್ನು ತನಗೆ ಕೊಡೆಂದು ಅವನು ಪ್ರವೀಣನನ್ನು ಎರಡು ಸಲ ಕೇಳಿದ್ದನಂತೆ. ಬಂಗಾರಕ್ಕ ತನ್ನದನ್ನು ಅವನ ಕಿವಿಗಿಟ್ಟು ಗಿರಣಿ ಶುರು ಮಾಡಿಸಿದಳು. ಒಂದು ನಿಮಿಷದಲ್ಲಿ ದುರ್ಗ ಅದನ್ನು ಕಿತ್ತು ಕೊಟ್ಟ.

“ಹಾಡೇ ಇಲ್ಲವಲ್ಲ. ಇದನ್ನು ಬೇಡಿಕೊಂಡೆನಲ್ಲ ನಾನು, ಮರುಳ.” ಗಿರಣಿ ನಿಲ್ಲಿಸಿ ಅವನು ದನಿ ತಗ್ಗಿಸಿದ. “ಅಕ್ಕ, ಕದ್ದವರು ಯಾರೋ. ಆದರೆ ಹೊನ್ನಜ್ಜಿ ಇನ್ನೂ ಹೋಗಲಿಲ್ಲ.”

“ಎಂತ ಅಂದೆ?”

“ನಿನ್ನೆ ಮಧ್ಯಾಹ್ನ ಮಂಜಜ್ಜಿ ಹರಿವೆ ಮಡಿಯಲ್ಲಿ ಕಳೆ ಕೀಳ್ತಾ ಒಬ್ಬಳೇ ಹಾಡ್ತಿತ್ತು. ಒಂದು ಸಾಲು ಹೇಳೂದು, ಅಷ್ಟೇ ಹೊತ್ತು ನಿಲ್ಲೂದು. ಮರೆವು, ಪಾಪ. ಆದರೆ ದನಿ ಒಂಚೂರೂ ಆಚೀಚೆ ಇಲ್ಲ. ನಾನು ಹಿಂದಿನಿಂದ ಮೆಲ್ಲಗೆ ಕರೆದದ್ದೇ ತಿರುಗಿ ನೋಡ್ತು. ಹತ್ತಿರ ಹೋದೆ ನೋಡಿ, ಗಾಳಿ ಇಲ್ಲ, ಹಕ್ಕಿ ಇಲ್ಲ. ಮಂಜಜ್ಜಿ ಬಾಯಿ ಮುಚ್ಚಿತ್ತು. ಆದರೂ ಹೊನ್ನಜ್ಜಿ ಹಾಡೂದು ಕೇಳ್ತು. ನುಸಿಯಷ್ಟು ಸಣ್ಣಕೆ. ಅಲ್ಲಿಂದ ಓಡಿ ಬಂದವ ಆ ಕಡೆ ತಲೆ ಹಾಕಲಿಲ್ಲ.”

ರವೀಂದ್ರ ಒಂದು ಹೆಜ್ಜೆ ಹಿಂದೆ ಸರಿದ. ಬಂಗಾರಕ್ಕ ಮಾತ್ರ ಯಾರೋ ದೊಡ್ಡವರ ಹೆಸರು ಕೇಳಿದಂತೆ ಸೆರಗು ಸರಿಪಡಿಸಿಕೊಂಡಳು.

ಸಂಜೆ ಹೇಮಾಳ ಅಂಗಳದಲ್ಲಿ ಎಲ್ಲರೂ ಸೇರಿದರು. ಹೇಮಾ, ಅವಳ ಅಪ್ಪ, ಪ್ರವೀಣ, ದುರ್ಗ. ಮಂಜಜ್ಜಿ ಬಿಸಿಲಿಲ್ಲದಿದ್ದರೂ ತಲೆ ತುಂಬ ಸೆರಗು ಹೊದ್ದು ಕಂಬಕ್ಕೆ ಒರಗಿ ಕೂತಳು.

“ಮೊಬೈಲು ಮಾತ್ರ ಹೋಗಿದ್ದರೆ ನನಗೆ ಕಷ್ಟ ಆಗ್ತಿತ್ತು” ಎಂದು ಬಂಗಾರಕ್ಕ ಶುರು ಮಾಡಿದಳು. “ಜೊತೆಗೆ ಇಯರ್‌ಬಡ್ಡೂ ಹೋಗಿದೆ. ಹಾಡು ಹಾಳು ಮಾಡುವವರಿಗೆ, ಮೊಬೈಲು ಮಾರುವವರಿಗೆ ಅದು ಎಂತಕ್ಕೆ? ಕದ್ದವರಿಗೆ ಹಾಡು ಕೇಳಬೇಕಿತ್ತು, ಬೇರೆಯವರಿಗೆ ತಿಳಿಯಬಾರದಿತ್ತು. ಇನ್ನು ಇಂಥ ಇಯರ್‌ಬಡ್ಡಲ್ಲಿ ಕೇಳೂದು ಯಾರಿಗೆ ಸಾಧ್ಯ? ಇದು ಹೊರಗಿನ ಸದ್ದನ್ನು ತಡೆಯೂದಿಲ್ಲ. ರಿಕ್ಷಾದವನಿಗೆ ಬೇಡ, ಗಿರಣಿಯವನಿಗೆ ಬೇಡ. ಸದ್ದಿಲ್ಲದ ಕಡೆ ಕೂರುವವರಿಗೆ ಆತು.”

ಪ್ರವೀಣನ ಅಪ್ಪ ಮಗನ ಕಡೆ ನೋಡಿ ಕಣ್ಣು ತಗ್ಗಿಸಿದ.

“ದುರ್ಗ ಕೇಳಿದ್ದು ದೆವ್ವ ಅಲ್ಲ. ಸದ್ದಿಲ್ಲದ ಕಡೆ ಇದರ ದನಿ ಹತ್ತಿರದವರಿಗೂ ಸೋರ್ತದೆ. ಕರೆದದ್ದೇ ಮಂಜಜ್ಜಿ ತಿರುಗಿದ್ದಕ್ಕೆ ಅವಳ ಕಿವಿಯಲ್ಲಿ ಏನೂ ಇಲ್ಲ ಅಂತ ಯಾರಾದರೂ ತಿಳೀತಿದ್ದರು. ಕಿವಿಯಲ್ಲಿ ಇತ್ತು, ಕಿವಿ ತೆರೆದೂ ಇತ್ತು. ತೂತು ಮುಚ್ಚುವ ಇಯರ್‌ಫೋನು ಹಾಕಿ ಹಾಡಿ ನೋಡಿ, ನಿಮ್ಮ ದನಿ ನಿಮಗೇ ಬೇರೆ ಕೇಳಿ ಜಾರಿ ಹೋಗ್ತದೆ. ಅವಳ ದನಿ ಜಾರಲಿಲ್ಲ. ಮರೆವಿನಿಂದಲೂ ಅವಳು ನಿಲ್ಲಲಿಲ್ಲ. ಮರೆತವರು ಒಮ್ಮೆ ಗಳಿಗೆ, ಒಮ್ಮೆ ತಾಸು ನಿಲ್ತಾರೆ. ಪ್ರತಿ ಸಲ ಒಂದೇ ಸಾಲಿನಷ್ಟು ನಿಲ್ಲುವವರು ಇನ್ನೊಬ್ಬರ ಸಾಲು ಕೇಳ್ತಾ ಇರ್ತಾರೆ.”

ಬಂಗಾರಕ್ಕ ಹೇಮಾಳತ್ತ ತಿರುಗಿದಳು. “ನೀನು ಖಾಲಿ ಅಂದದ್ದು ಖಾಲಿ ಅಲ್ಲ, ಮಗ. ನೀನು ಮಂಜಜ್ಜಿಗೆ ಸುಮ್ಮನಿರು ಅಂದೆ. ಹೊನ್ನಜ್ಜಿ ಮಾತ್ರ ಪ್ರತಿ ಸಾಲಿಗೂ ಅವಳಿಗಾಗಿ ಕಾದಳು. ಸೋಮವಾರ ನೀನು ಅದನ್ನು ಕತ್ತರಿಸ್ತೆ ಅಂದೆ, ಮಂಗಳವಾರ ಮೊಬೈಲು ಹೋತು.”

ಸತ್ತವಳೊಬ್ಬಳು ಗೆಳತಿಗಾಗಿ ಸಾಲು ಸಾಲಿಗೂ ನಿಂತು ಕಾದದ್ದನ್ನು ರವೀಂದ್ರ ನೆನೆದ. ಅದನ್ನು ಗಿರಣಿಯ ಹಿಟ್ಟಿನ ಧೂಳಿನಲ್ಲಿ ನಿಂತು ಕಂಡುಕೊಂಡ ಬಂಗಾರಕ್ಕನನ್ನು ಅವನು ಹೊಸದಾಗಿ ನೋಡುವಂತೆ ನೋಡಿದ.

ಮಂಜಜ್ಜಿ ಸೆರಗು ಸರಿಸಿದಳು. ಎರಡೂ ಕಿವಿಗಳಿಗೆ ಕೊಕ್ಕೆಗಳು ಸಿಕ್ಕಿಕೊಂಡಿದ್ದವು.

“ಹೌದು, ನಾನೇ ತಕಂಡೆ” ಎಂದಳು. “ನಲವತ್ತು ವರ್ಷ ಅದರ ಹಿಂದೆ ಹಾಡಿದೆ. ನಂದೇ ಜಾಗ ಅದು, ಕತ್ತರಿಸ್ತೇವೆ ಅಂದ್ರಿ. ಪ್ರವೀಣ, ನಿಂಗೆ ಬೈಸಿದೆ, ಮಗ. ಕಂಡೂ ಬಾಯಿ ಬಿಡಲಿಲ್ಲ. ಅದೊಂದು ತಪ್ಪಾತು.”

“ಆತು ಬಿಡಜ್ಜಿ” ಎಂದ ಪ್ರವೀಣ. “ಆ ಡಬ್ಬಿ ನೀನೇ ಇಟ್ಕೊ. ನಂಗಿಂತ ನಿಂಗೇ ಸರಿ ಹೊಂದ್ತದೆ.”

ಹೇಮಾ ಹೋಗಿ ಅವಳ ಮುಂದೆ ಕೂತಳು. “ಒಂದು ಚೂರೂ ಕತ್ತರಿಸೂದಿಲ್ಲಜ್ಜಿ. ಮೊಬೈಲು ಕೊಡು. ಭಾನುವಾರಕ್ಕೆ ನಾವು ಕಲೀಬೇಕು.”

ಮಂಜಜ್ಜಿ ಸೊಂಟದ ಚೀಲದಿಂದ ಮೊಬೈಲು ತೆಗೆದು ಕೊಟ್ಟಳು. ಆಮೇಲೆ ಕಿವಿಯ ಕೊಕ್ಕೆಗಳನ್ನೂ ಒಂದೊಂದಾಗಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು.

“ನಾಲ್ಕು ದಿನ ಬಿಡದೆ ಕೇಳಿದೆ. ಎತ್ತಿಕೊಡೂದು ಈಗ ನಂಗೂ ಬಂತು” ಎಂದು ಕಣ್ಣು ಮುಚ್ಚಿದಳು.

“ಬಾಳೆಯ ನೆರಳಲ್ಲಿ ಬಂದವಳು ಯಾರೇ...”

ಅಷ್ಟು ಹೇಳಿ ನಿಲ್ಲಿಸಿದಳು. ಮಂಜಜ್ಜಿ ಕಣ್ಣು ತೆರೆಯದೆ, ಅವಸರವಿಲ್ಲದೆ, ಕಾಯುತ್ತ ಕೂತಳು. ಹೇಮಾ ತೊದಲುವ ದನಿಯಲ್ಲಿ ಆ ಸಾಲನ್ನು ತಿರುಗಿ ಹೇಳಿದಳು.