ದೊರೆ ತಿಂದ ಎಣ್ಣೆ

“ಸಾರ್, ಆ ಎಣ್ಣೇನ ನಾವು ತಿನ್ಬಹುದಾ?”

ಹುಡುಗನೊಬ್ಬನ ಈ ಪ್ರಶ್ನೆಗೆ ದಡದಲ್ಲಿದ್ದ ಶಾಲೆಯ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಏಕೆಂದರೆ ಎಣ್ಣೆ ಕಂಪನಿಯ ಆಫೀಸರು ದಡದಲ್ಲಿ ನಿಂತು, ದೋಣಿಯಿಂದ ಸಮುದ್ರಕ್ಕೆ ಸುರಿಸುತ್ತಿದ್ದುದು ಮೂಟೆ ಮೂಟೆ ಪಾಪ್‌ಕಾರ್ನ್!

“ಯಾರೂ ಮುಟ್ಟಬಾರದು! ಈಗ ಇದನ್ನ ಎಣ್ಣೆ ಅಂತಲೇ ತಿಳ್ಕೊಳ್ಳಿ” ಎಂದರು ಆಫೀಸರು. “ಸಮುದ್ರದ ನಡುವೆ ನಮ್ಮ ಎಣ್ಣೆ ಬಾವಿ ಇದೆಯಲ್ಲ, ಅದರ ಪೈಪ್ ಒಡೆದರೆ ಕರೀ ಎಣ್ಣೆ ತೇಲಿಕೊಂಡು ಇಲ್ಲಿಗೇ ಬರತ್ತೆ. ಆಗ ಹೇಗೆ ತಡೀಬೇಕು ಅಂತ ಇವತ್ತು ಪ್ರ್ಯಾಕ್ಟೀಸ್. ಇದಕ್ಕೆ ಡ್ರಿಲ್ ಅಂತಾರೆ.”

ಡ್ರಿಲ್ ಎಂಬ ಮಾತು ಕೇಳಿಯೇ ಹೆಡ್‌ಮಿಸ್ಸು ಮಕ್ಕಳ ಜೊತೆ ಡ್ರಿಲ್ ಮಾಸ್ತರನ್ನು ಕಳಿಸಿದ್ದರು. ಮಾಸ್ತರು ಬಿಳಿ ಬೂಟು ಹಾಕಿ, ಕೊರಳಿಗೆ ಸೀಟಿ ತೂಗಿಸಿಕೊಂಡು ಠಾಕುಠೀಕಾಗಿ ಬಂದಿದ್ದರು. ಇಲ್ಲಿ ಯಾರೂ ಕೈಕಾಲು ಎತ್ತಿ ಇಳಿಸುವುದಿಲ್ಲವೆಂದು ತಿಳಿದ ಮೇಲೆ ಅವರ ಮುಖ ಸಪ್ಪಗಾಗಿತ್ತು.

ಪಟಾಕಿ ದಡದ ಕಟ್ಟೆಯ ಮೇಲೆ ಕುಳಿತಿದ್ದಳು. ಬಾಯಿ ಮುಚ್ಚದ ಹುಡುಗಿಗೆ ಮನೆಯವರು ಇಟ್ಟ ಹೆಸರು ಅದು. ಪಕ್ಕದಲ್ಲಿ ಅವಳ ಬಾತುಕೋಳಿ, ದೊರೆ. ಅವಳು ಹೋದಲ್ಲೆಲ್ಲ ಎದೆಯುಬ್ಬಿಸಿಕೊಂಡು ಹಿಂದೆ ಬರುವುದು ಅವನ ಪದ್ಧತಿ.

ಕೆಳಗೆ ಸಣ್ಣ ದೋಣಿಯಲ್ಲಿ ಅವಳ ಅಪ್ಪ ಸಿದ್ಧನಾಗಿ ನಿಂತಿದ್ದ. ಅವನು ಆ ಎಣ್ಣೆ ಬಾವಿಯ ಕೆಲಸಗಾರ. ರಜೆ ಮುಗಿದಿತ್ತು, ಸಂಜೆಯ ದೋಣಿಗೆ ಹೊರಟರೆ ಮತ್ತೆ ಬರುವುದು ಮುಂದಿನ ತಿಂಗಳೇ. “ಡ್ರಿಲ್ ಒಂದು ಮುಗೀಲಿ ಮಗಳೇ, ಸೈಕಲ್ ಕಲಿಸಿಯೇ ಹೋಗ್ತೀನಿ” ಎಂದು ಮಾತು ಕೊಟ್ಟಿದ್ದ.

ಅವನ ದೋಣಿಗೆ ಕಿತ್ತಳೆ ಬಣ್ಣದ ಉದ್ದನೆಯ ತೇಲುಬೇಲಿ ಕಟ್ಟಿತ್ತು. ಆಫೀಸರು ಸೀಟಿ ಊದಿದಾಗ ಅಪ್ಪ ಅದನ್ನು ಎಳೆದುಕೊಂಡು ಹೋಗಿ ಪಾಪ್‌ಕಾರ್ನನ್ನು ಸುತ್ತುಗಟ್ಟಬೇಕು. ಬೇಲಿಯ ಇನ್ನೊಂದು ತುದಿಯನ್ನು ಅವನ ಜೊತೆಗಾರ ದಡದ ಕಂಬಕ್ಕೆ ಬಿಗಿಯುತ್ತಿದ್ದ.

ಅಷ್ಟರಲ್ಲಿ ಹುಡುಗನೊಬ್ಬ ನೀರಿಗೆ ಕೈ ಹಾಕಿ ಒಂದು ಮುಷ್ಟಿ “ಎಣ್ಣೆ” ಬಾಯಿಗೆ ಹಾಕಿಕೊಂಡ.

“ಥೂ, ಉಪ್ಪು!”

ಮಕ್ಕಳು ಮತ್ತೆ ಗಲಾಟೆ ಎಬ್ಬಿಸಿದರು. ಡ್ರಿಲ್ ಮಾಸ್ತರಿಗೆ ತಡೆಯಲಾಗಲಿಲ್ಲ. ಪೀ... ಎಂದು ಸೀಟಿ ಊದಿಯೇಬಿಟ್ಟರು.

ಆಫೀಸರದೇ ಸೀಟಿ ಎಂದುಕೊಂಡು ಅಪ್ಪ ದೋಣಿ ಬಿಟ್ಟೇಬಿಟ್ಟ!

“ಏಯ್, ಗಂಟು ಹಾಕಿಲ್ಲ ಕಣೋ!” ಎಂದು ಜೊತೆಗಾರ ಕೂಗಿದ್ದು ಇಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅವನು ಹೇಗೋ ಹಗ್ಗವನ್ನು ಕಂಬಕ್ಕೆ ಸುತ್ತಿ, ಉಸ್ಸೆಂದ.

ಬೇಲಿಯೊಳಗೆ ಪಾಪ್‌ಕಾರ್ನ್ ಬೆಳ್ಳಗೆ ಕೂಡಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಫೀಸರು ಮೈಕ್ ಹಿಡಿದು, “ಡ್ರಿಲ್ ಸಕ್ಸಸ್! ಒಂದು ತೊಟ್ಟು ಎಣ್ಣೆಯೂ ಆಚೆ ಹೋಗಿಲ್ಲ” ಎಂದರು.

“ಕ್ವಾಕ್!”

ಪಟಾಕಿ ಪಕ್ಕಕ್ಕೆ ನೋಡಿದಳು. ದೊರೆ ಇರಲಿಲ್ಲ. ಕಟ್ಟೆಯ ಹಿಂದೆ, ಸಮುದ್ರದ ನೀರು ಒಳಗೆ ಹರಿಯುವ ಹಳ್ಳದಲ್ಲಿ ಅವನು ತೇಲುತ್ತಿದ್ದ. ಅವನ ಸುತ್ತ ಬೆಳ್ಳಗೆ ಏನೇನೋ ತೇಲುತ್ತಿತ್ತು. ಬೇಲಿಯ ಸಡಿಲ ತುದಿಯಿಂದ ನುಸುಳಿ ಬಂದ ಪಾಪ್‌ಕಾರ್ನ್!

ಅವಳು ಅಪ್ಪನ ಕಡೆ ನೋಡಿದಳು. ಹೇಳಿದರೆ ಮತ್ತೆ ಡ್ರಿಲ್. ಮತ್ತೆ ಡ್ರಿಲ್ ಅಂದರೆ ಸೈಕಲ್ ಇಲ್ಲ.

ಮೆಲ್ಲಗೆ ಹಳ್ಳದ ಅಂಚಿಗೆ ಇಳಿದಳು. “ದೊರೆ, ನನ್ನಪ್ಪಾ, ಬೇಗ ಬೇಗ ತಿಂದುಬಿಡೋ! ಒಂದೂ ಬಿಡಬೇಡ!”

ದಿನವೂ ಗಬಗಬ ತಿನ್ನುವ ದೊರೆ ಅಂದೇ ಬೀಗರ ಮನೆಗೆ ಬಂದವನ ಹಾಗೆ ಒಂದೊಂದೇ ಆರಿಸಿ ತಿನ್ನತೊಡಗಿದ.

“ಯಾಕೆ ಅವನಿಗೆ ಅಷ್ಟೊಂದು ಉಪಚಾರ?”

ಅಜ್ಜಿ! ಮೊಣಕಾಲುದ್ದ ನೀರಿನಲ್ಲಿ, ಬುಟ್ಟಿ ಹಿಡಿದು ನಿಂತಿದ್ದಳು. ಆ ಹಳ್ಳದಲ್ಲಿ ಕಪ್ಪೆಚಿಪ್ಪು ಆರಿಸಿ ಮಾರುವುದು ಅವಳ ಕಸುಬು.

“ಇದೇನೇ ಬೆಳ್ಳಗೆ?”

“ಎಣ್ಣೆ ಅಜ್ಜಿ” ಎಂದುಬಿಟ್ಟಳು ಪಟಾಕಿ.

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. “ಎಣ್ಣೆನಾ? ಹಾಗಾದ್ರೆ ನಿನ್ನ ದೊರೆ ಕಥೆ ಮುಗೀತು ಬಿಡು. ನನ್ನ ಬುಟ್ಟೀದೂ ಮುಗೀತು.”

ಪಟಾಕಿಗೆ ನಗು ಬರಲಿಲ್ಲ. ಬುಟ್ಟಿಯೊಳಗೆ ಚಿಪ್ಪುಗಳ ನಡುವೆ ಎರಡು ಬಿಳಿ ಚೂರು ಅಂಟಿದ್ದವು. ದೊರೆಯ ಕೊಕ್ಕಿಗೂ ಒಂದು ಅಂಟಿತ್ತು.

ಅವಳು ಕಟ್ಟೆ ಹತ್ತಿ, ಎರಡು ಕೈಯನ್ನೂ ಬಾಯಿಗೆ ಹಿಡಿದು, “ಅಪ್ಪಾ...!” ಎಂದು ಕೂಗಿದಳು. ಮೈಕಿನ ಸದ್ದೇ ಅಡಗಿಹೋಯಿತು. “ಎಣ್ಣೆ ಈ ಕಡೆ ಬಂದಿದೆ! ದೊರೆ ತಿಂತಿದಾನೆ!”

ಅಪ್ಪ ಬಂದು ಹಳ್ಳ ನೋಡಿದ. ಆಮೇಲೆ ಮಗಳ ಮುಖ ನೋಡಿದ.

“ಸೈಕಲ್ಲು...” ಎಂದ ಮೆಲ್ಲಗೆ.

“ಗೊತ್ತು” ಎಂದಳು ಪಟಾಕಿ.

ಅಪ್ಪ ಆಫೀಸರ ಕಡೆ ತಿರುಗಿದ. “ಸಾರ್, ಇನ್ನೊಂದ್ಸಲ ಮಾಡ್ಬೇಕು.”

ಆಫೀಸರು ಗಡಿಯಾರ ನೋಡಿದರು. ಅಜ್ಜಿ ಹಳ್ಳದಿಂದ ಮೇಲೆ ಬಂದು ಬುಟ್ಟಿಯನ್ನು ಅವರ ಮೂಗಿನ ಕೆಳಗೆ ಹಿಡಿದಳು. “ಮಾಡಲೇಬೇಕು” ಎಂದು ಅವರು ಮೈಕ್ ಆಫ್ ಮಾಡಿದರು.

ಡ್ರಿಲ್ ಮಾಸ್ತರ ಕೈ ಮತ್ತೆ ಸೀಟಿಯ ಕಡೆ ಹೋಯಿತು.

“ಬೇಡಾ!” ಎಂದು ಎಲ್ಲರೂ ಒಟ್ಟಿಗೆ ಕಿರುಚಿದರು.

ಮಾಸ್ತರು ನಾಚಿ, ಸೀಟಿ ಬಿಚ್ಚಿ ಪಟಾಕಿಯ ಕೈಗಿತ್ತರು. “ಇಟ್ಕೋಮ್ಮಾ. ನನ್ನ ಬಾಯಿ ಮೇಲೆ ನನಗೇ ನಂಬಿಕೆ ಇಲ್ಲ.”

ಅಪ್ಪನ ದೋಣಿ ಮತ್ತೆ ಹೊರಟಿತು. ಈ ಸಲ ಜೊತೆಗಾರ ಗಂಟನ್ನು ಜಗ್ಗಿ ಜಗ್ಗಿ ನೋಡಿದ. ಬಿಸಿಲು ಇಳಿಯುತ್ತಿತ್ತು.

ಪಟಾಕಿ ದೊರೆಯನ್ನು ಮಡಿಲಲ್ಲಿ ಕೂರಿಸಿಕೊಂಡು, ಫ್ರಾಕಿನ ಅಂಚಿನಿಂದ ಅವನ ಕೊಕ್ಕು ಒರೆಸಿದಳು. ಬಿಳಿ ಚೂರು ಒಂದೇ ಸಲಕ್ಕೆ ಉದುರಿತು. ಅವಳು ಬಟ್ಟೆಯನ್ನು ತಿರುಗಿಸಿ ನೋಡಿದಳು. ಕಪ್ಪಗೆ ಏನೂ ಇರಲಿಲ್ಲ.

ಆದರೂ ಇನ್ನೊಂದು ಸಲ ಒರೆಸಿದಳು.