ಅಲಾರಾಂ ಮತ್ತು ಪ್ಯಾಸೆಂಜರ್ ಗಾಡಿ

ಮೊದಲ ಸಲ ಅವಳು ಅವನನ್ನು ಭುಜ ಹಿಡಿದು ಅಲುಗಾಡಿಸಿ ಎಬ್ಬಿಸಿದ್ದಳು.

"ಸ್ವಾಮಿ, ಕೊನೇ ಸ್ಟೇಷನ್ ಬಂತು. ಇಳೀರಿ."

ಅವನು ಕಣ್ಣು ಬಿಟ್ಟ. ಅವಳನ್ನು ನೋಡಿದ. ಕಿಟಕಿಯಾಚೆ ನೋಡಿದ. ಮತ್ತೆ ಅವಳನ್ನು ನೋಡಿದ. ಬೇರೆ ಯಾರಾದರೂ ಆಗಿದ್ದರೆ ಅಷ್ಟು ಹೊತ್ತಿಗೆ ಮನೆ ಮುಟ್ಟಿರುತ್ತಿದ್ದರು.

"ನಾನು ಇಳಿದ್ರೆ," ಎಂದ ಕೊನೆಗೆ, "ಈ ಗಾಡೀನ... ವಾಪಸ್ ಯಾರು ಓಡಿಸ್ತಾರೆ?"

ಸ್ವೆಟರಿನ ಕೆಳಗಿದ್ದ ಡ್ರೈವರ್ ಯೂನಿಫಾರ್ಮ್ ಆಗ ಅವಳ ಕಣ್ಣಿಗೆ ಬಿತ್ತು. ನಾಲಿಗೆ ಕಚ್ಚಿಕೊಂಡಳು. ಅವನು ನಕ್ಕ. ನಗುವೂ ನಿಧಾನವಾಗಿಯೇ ಬಂತು, ತುಟಿಯ ಒಂದು ತುದಿಯಿಂದ ಹೊರಟು ಇನ್ನೊಂದು ತುದಿಗೆ. ಆ ನಗು ಪೂರ್ತಿ ಆಗುವವರೆಗೆ ನಿಂತು ನೋಡಿದ್ದೇ ಅವಳು ಮಾಡಿದ ಎಡವಟ್ಟು.

ಆ ಸ್ಟೇಷನ್ನಿಗೆ ಎರಡು ಅಂತಸ್ತು. ಮೇಲೆ, ಗಾಜಿನ ಸೂರಿನಡಿ, ಹಳಿಗಳು ಬಂದು ಮುಗಿದುಹೋಗುವ ಹಳೆಯ ಪ್ಲಾಟ್‌ಫಾರ್ಮ್‌ಗಳು. ಅಲ್ಲಿಗೆ ಬಂದ ಗಾಡಿ ಬಂದ ದಾರಿಯಲ್ಲೇ ವಾಪಸ್ಸು ಹೋಗಬೇಕು. ಕೆಳಗೆ, ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಇಳಿದರೆ, ಸುರಂಗದ ಹೊಸ ಲೈನು. ಅಲ್ಲಿ ಗಾಡಿ ಈ ಕಡೆಯ ಕತ್ತಲಿನಿಂದ ಬಂದು ಆ ಕಡೆಯ ಕತ್ತಲಿಗೆ ನುಗ್ಗುತ್ತದೆ. ನಡುವೆ ಉಸಿರು ಬಿಟ್ಟಷ್ಟು ಹೊತ್ತು ಬಾಗಿಲು ತೆರೆದಿರುತ್ತದೆ, ಅಷ್ಟೇ.

ಅವಳ ಕೆಲಸ ಮೇಲೆ. ಬಂದು ನಿಂತ ಪ್ರತಿ ಗಾಡಿಯೊಳಗೂ ಈ ತುದಿಯಿಂದ ಆ ತುದಿಗೆ ನಡೆದು, ಮಲಗಿದವರನ್ನು ಎಬ್ಬಿಸಿ, ಮರೆತುಹೋದ ಕೊಡೆ, ಟೋಪಿಗಳನ್ನು ಎತ್ತಿಡಬೇಕು. ಹಾಗಾಗಿ ಇಡೀ ಸ್ಟೇಷನ್ ಅವಳನ್ನು ಅಲಾರಾಂ ಎಂದು ಕರೆಯುತ್ತಿತ್ತು. ಅವನದೋ, ಗಾಡಿ ನಿಲ್ಲಿಸಿ, ಕೀಲಿ ತೆಗೆದುಕೊಂಡು, ಈ ತುದಿಯ ಕ್ಯಾಬಿನ್ನಿನಿಂದ ಆ ತುದಿಯ ಕ್ಯಾಬಿನ್ನಿಗೆ ನಡೆಯುವ ಕೆಲಸ. ಇಬ್ಬರಿಗೂ ಒಂದೇ ಗಾಡಿ, ಒಂದೇ ದಿಕ್ಕು. ಜೊತೆಯಾಗಿ ನಡೆಯದೆ ಇನ್ನೇನು ಮಾಡಿಯಾರು?

ಅವನಿಗೂ ಒಂದು ಅಡ್ಡಹೆಸರಿತ್ತು: ಪ್ಯಾಸೆಂಜರ್ ಗಾಡಿ. ಅವನ ಮಾತು ಸಿಕ್ಕಸಿಕ್ಕಲ್ಲೆಲ್ಲ ನಿಲ್ಲುತ್ತಿತ್ತು. ಮೊದಲ ಬೋಗಿಯಲ್ಲಿ ಶುರುವಾದ ವಾಕ್ಯ ಕೊನೆಯ ಬೋಗಿಯಲ್ಲಿ ಮುಗಿದರೆ ಪುಣ್ಯ. ಅವಳಿಗೆ ಅಷ್ಟು ತಾಳ್ಮೆ ಎಲ್ಲಿಯದು? ಅವನ ಮಾತನ್ನು ಬಾಯಿಂದ ಕಿತ್ತುಕೊಂಡು ತಾನೇ ಮುಗಿಸಿಬಿಡುತ್ತಿದ್ದಳು.

"ನಿನ್ನೆ ಕ್ಯಾಂಟೀನಲ್ಲಿ ಆ..."

"ಟೀ ತಣ್ಣಗಿತ್ತು. ಗೊತ್ತು. ಮುಂದೆ?"

"ಅಲ್ಲ... ಟೀ ಕೊಡೋ..."

"ಹುಡುಗಿ ಮದುವೆ ಫಿಕ್ಸ್ ಆಯ್ತಂತೆ. ಅದೂ ಗೊತ್ತು. ಡ್ರೈವರ್ ಸಾಹೇಬ್ರೇ, ಹೊಸ ಸುದ್ದಿ ಇದ್ರೆ ಹೇಳಿ!"

ಅವನು ಸೋತವನಂತೆ ಕೈ ಚೆಲ್ಲಿ ನಗುತ್ತಿದ್ದ. ಆ ನಗುವಿಗಾಗಿಯೇ ಅವಳು ಕಿತ್ತುಕೊಳ್ಳುತ್ತಿದ್ದಳು ಎಂಬುದು ಬೇರೆ ವಿಷಯ.

ತನ್ನ ವಿದ್ಯೆಯನ್ನೂ ಅವನಿಗೆ ಹೇಳಿಕೊಟ್ಟಿದ್ದಳು. "ನೋಡಿ, ಬೆಚ್ಚಗಿನ ಗಾಡಿ ಬಿಟ್ಟು ಇಳಿಯೋಕೆ ಮನಸ್ಸಿಲ್ಲದೆ ಮಲಗಿದ ನಾಟಕ ಆಡ್ತಾರಲ್ಲ, ಅವರನ್ನ ಕಂಡುಹಿಡಿಯೋದು ಸುಲಭ. ನಿಜವಾದ ನಿದ್ದೇಲಿ ಕೈ ಸಡಿಲ ಬಿದ್ದಿರುತ್ತೆ. ಕಳ್ಳನಿದ್ದೆಯವರು ಚೀಲದ ಹಿಡಿ ಬಿಡಲ್ಲ."

"ಓಹೋ," ಎಂದಿದ್ದ ಅವನು, ಎರಡು ಬೋಗಿ ದಾಟಿದ ಮೇಲೆ.

ಹೀಗೆ ಎಲ್ಲ ಚೆನ್ನಾಗಿಯೇ ಇರುವಾಗ ಅವನನ್ನು ಕೆಳಗಿನ ಲೈನಿಗೆ ಹಾಕಿದರು. ಬಡ್ತಿಯಂತೆ. ಮೇಲಿನ ಕೊನೆಯ ದಿನ, ಕೊನೆಯ ಬೋಗಿಯಲ್ಲಿ, ಅವನು ನಿಂತ. ಕೈಯಲ್ಲಿದ್ದ ಕೀಲಿಯನ್ನು ತಿರುಗಿಸುತ್ತಾ ಅವಳ ಮುಖವನ್ನೇ ನೋಡಿದ.

"ನಾಳೆಯಿಂದ ನನಗೆ..."

ಅವಳಿಗೆ ಹೆದರಿಕೆಯಾಯಿತು. ಅಳು ಬರುವುದರಲ್ಲಿತ್ತು. ಅಳುವನ್ನು ನುಂಗಲು ಬಾಯಿಗೆ ಬಂದದ್ದನ್ನು ಹೇಳಿದಳು.

"ಆರಾಮ! ಈ ಉದ್ದಕ್ಕೆ ನಡೆಯೋ ಕರ್ಮ ತಪ್ತು. ನನ್ನ ಬಾಯಿಂದಾನೂ ತಪ್ಪಿಸ್ಕೊಂಡ್ರಿ, ಬಿಡಿ."

ಹೇಳಿ ಜೋರಾಗಿ ನಕ್ಕಳು. ಅವನು ನಗಲಿಲ್ಲ. "ಹೂಂ," ಎಂದ. ಕ್ಯಾಬಿನ್ನಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ನನಗೆ ಏನು ಎಂದು ಹೇಳಲಿದ್ದ ಅವನು? ಆ ಮಾತಿನ ಬಾಲ ಯಾವುದು? ಅವಳು ಗೂಡಂಗಡಿಯ ಮುಂದೆ ಟೀ ಹಿಡಿದು ನಿಂತರೆ ನೆಲ ಸಣ್ಣಗೆ ನಡುಗುತ್ತಿತ್ತು, ಕಪ್ಪಿನೊಳಗೆ ಟೀ ಅಲುಗುತ್ತಿತ್ತು. ಅವನ ಗಾಡಿ ಅವಳ ಕಾಲ ಕೆಳಗೇ ಹಾದುಹೋಗುತ್ತಿತ್ತು. ಅಷ್ಟು ಹತ್ತಿರ, ಆದರೂ ಏನೂ ಮಾಡುವಂತಿಲ್ಲ.

ಫೋನ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಅವನ ಹೆಸರಿನ ಕೆಳಗೆ 'ಟೈಪಿಂಗ್' ಎಂದು ಕಾಣಿಸುತ್ತಿತ್ತು. ಅವಳು ಅನ್ನ ಬಸಿದು ಬರುವವರೆಗೂ ಅದು ಹಾಗೇ ಇರುತ್ತಿತ್ತು. ಆಮೇಲೆ "ಊಟ ಆಯ್ತಾ?" ಎಂದು ಬರುತ್ತಿತ್ತು. ಅವಳು ಏನೇನೋ ಬರೆದು, ಅಳಿಸಿ, "ಆಯ್ತು" ಎಂದು ಕಳಿಸುತ್ತಿದ್ದಳು.

ಒಂದು ದಿನ ಊಟದ ಬಿಡುವಿನಲ್ಲಿ ಕೆಳಗಿಳಿದು ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ ನಿಂತಳು. ಗಾಡಿ ಬಂತು. ಅವನ ಕಣ್ಣು ಅರಳಿತು. ಕಿಟಕಿ ಇಳಿಸಿದ.

"ಅವತ್ತು ನಾನು ಹೇಳ್ಬೇಕು ಅಂತಿದ್ದಿದ್ದು..."

ಪೀಂ ಪೀಂ. ಬಾಗಿಲು ಮುಚ್ಚಿತು. ಗಾಡಿ ಹೊರಟೇಹೋಯಿತು.

ಮರುದಿನ ಮತ್ತೆ ಹೋದಳು. "ಅವತ್ತು ಹೇಳ್ಬೇಕು ಅಂತಿದ್ದಿದ್ದು ಏನಂದ್ರೆ..." ಪೀಂ ಪೀಂ. ಅದರ ಮರುದಿನ ಅವನು ಪೀಠಿಕೆ ಬಿಟ್ಟು ನೇರವಾಗಿ ಶುರು ಮಾಡಲು ಹೋಗಿ, ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, ಬಾಯಿ ತೆರೆದುಕೊಂಡೇ ಸುರಂಗದೊಳಗೆ ಹೋದ. ಅವಳಿಗೆ ನಗು ಬಂತು. ಎಸ್ಕಲೇಟರ್ ಹತ್ತುವಾಗ ಅದೇ ನಗು ಅಳುವಾಯಿತು.

ಇಷ್ಟು ಸಾಲದು ಎಂಬಂತೆ ಸೂಪರ್‌ವೈಸರ್ ಕರೆದ. ಜನವೆಲ್ಲ ಕೆಳಗಿನ ಗಾಡಿಗೆ ಹೋಗುತ್ತಿದ್ದಾರೆ, ಮೇಲಿನ ಅರ್ಧ ಪ್ಲಾಟ್‌ಫಾರ್ಮ್ ಮುಚ್ಚುತ್ತೇವೆ ಎಂದ.

"ನಿನಗೆ ಬಂದರಿನ ಕಡೆ ದೊಡ್ಡ ಟರ್ಮಿನಲ್ ಕೊಡ್ತೀನಮ್ಮ. ಕ್ವಾರ್ಟರ್ಸ್ ಇದೆ, ಸಮುದ್ರದ ಗಾಳಿ ಇದೆ. ಶನಿವಾರ ಹೂಂ ಅಂದ್ಬಿಡು."

"ಬೇರೆ ಎಲ್ಲೂ ಇಲ್ವಾ ಸಾರ್?"

"ಸುರಂಗದ ಲೈನಿನ ಆ ತುದಿ ಇದೆ. ಒಂದು ಶೆಡ್ಡು, ಒಂದು ನಲ್ಲಿ. ನೊಣ ಹೊಡೀತಾ ಕೂರ್ಬೇಕು. ಅಲ್ಲಿಗೆ ಯಾರು ಹೋಗ್ತಾರೆ?"

ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಕೇಳಿದಳು. "ಊರಿಗೆಲ್ಲ ಬಾಯಿ ಮಾಡ್ತೀಯ. ಆ ಮನುಷ್ಯನ್ನ ಒಂದು ಮಾತು ಕೇಳೋಕೆ ಏನೇ ಧಾಡಿ ನಿನಗೆ?"

"ಏನಂತ ಕೇಳ್ಲಿ? ಅವರು ಅಂದ್ಕೊಂಡಿದ್ದು ಬೇರೆ ಏನೋ ಆಗಿದ್ರೆ? ಬಂದರಿಗೆ ಹೋದ್ರೆ ಅವರ ಗಾಡಿ ಸದ್ದೂ ಕೇಳಲ್ಲ ಅಕ್ಕಾ. ಇಲ್ಲಿ ಕಾಲ ಕೆಳಗಾದ್ರೂ ಇದಾರೆ."

ಅಕ್ಕ ಯಂತ್ರ ನಿಲ್ಲಿಸಿದಳು. "ಮುಗಿಯೋವರೆಗೆ ಬಾಯಿ ಮುಚ್ಕೊಂಡು ಕೇಳಿದ್ರೆ ಇಷ್ಟೆಲ್ಲ ಆಗ್ತಿತ್ತಾ?"

ಮಾತು ಚುರುಕ್ ಎಂದಿತು.

ಶುಕ್ರವಾರ ಪಾಳಿ ಮುಗಿದ ಮೇಲೆ ಅವಳು ಮನೆಗೆ ಹೋಗಲಿಲ್ಲ. ಕೆಳಗಿಳಿದು, ಟಿಕೆಟ್ ತೆಗೆದುಕೊಂಡು, ಅವನ ಗಾಡಿಯ ಮೊದಲ ಬೋಗಿ ಹತ್ತಿ, ಕ್ಯಾಬಿನ್ ಬಾಗಿಲ ಪಕ್ಕದಲ್ಲೇ ಕೂತಳು. ಅವನು ನೋಡಲಿಲ್ಲ. ಸುರಂಗ ಮುಗಿದು ಇಳಿಬಿಸಿಲು ಬಂತು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಕೊನೆಗೆ ಗಾಡಿ ನಿಧಾನವಾಗಿ, ಒಂದು ತಗಡಿನ ಶೆಡ್ಡಿನ ಪಕ್ಕ ನಿಂತಿತು. ಹಳಿ ಅಲ್ಲಿಗೆ ಮುಗಿದಿತ್ತು.

ಸುರಂಗದ ಲೈನೂ ಎಲ್ಲೋ ಒಂದು ಕಡೆ ಮುಗಿಯುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಮೇಲೆ ನಿಂತು ಅದರ ನಡುಕ ಕೇಳಿ ಕೇಳಿ, ಅವನು ಹೋಗುತ್ತಲೇ ಇರುತ್ತಾನೆ ಎಂದೇ ಅಂದುಕೊಂಡುಬಿಟ್ಟಿದ್ದಳು.

ಕ್ಯಾಬಿನ್ ಬಾಗಿಲು ತೆರೆದ ಸದ್ದಾಯಿತು. ಧೈರ್ಯವೆಲ್ಲ ಸೋರಿಹೋಯಿತು. ಏನು ಮಾಡಬೇಕೆಂದು ತೋಚದೆ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

ಹೆಜ್ಜೆ ಅವಳ ಮುಂದೆ ನಿಂತಿತು. ತುಂಬಾ ಹೊತ್ತು ನಿಂತೇ ಇತ್ತು.

"ಮೇಡಂ," ಎಂದ ಮೆಲ್ಲಗೆ. "ಕೊನೇ ಸ್ಟೇಷನ್ ಬಂತು."

ಅವಳು ಅಲುಗಲಿಲ್ಲ.

"ಚೀಲದ ಹಿಡಿ... ಬಿಡಿ. ಬೆರಳು ಬೆಳ್ಳಗಾಗಿದೆ."

ಸಿಕ್ಕಿಬಿದ್ದ ಕಳ್ಳಿಯಂತೆ ಕಣ್ಣು ಬಿಟ್ಟಳು. ಅದೇ ನಗು, ಒಂದು ತುದಿಯಿಂದ ಹೊರಟಿತ್ತು. ಅವನು ಕೀಲಿ ತೋರಿಸಿ ಆ ಕಡೆಯ ಕ್ಯಾಬಿನ್ನಿನತ್ತ ಕೈ ಮಾಡಿದ. ಇಬ್ಬರೂ ನಡೆಯತೊಡಗಿದರು.

"ಅಮ್ಮನಿಗೆ ಮೊಣಕಾಲು ನೋವು," ಎಂದ ಅವನು ಮೊದಲ ಬೋಗಿಯಲ್ಲಿ.

ಅವಳ ನಾಲಿಗೆ ತುರಿಸಿತು. ಸುಮ್ಮನಿದ್ದಳು.

"ಮೆಟ್ಟಿಲು ಹತ್ತೋಕಾಗಲ್ಲ. ಅದಕ್ಕೆ... ಕೆಳಗಿನ ಮನೆ ನೋಡಿದೀನಿ. ಎರಡು ರೂಮು."

ಒಂದು ಬೋಗಿ ದಾಟಿತು. ಇನ್ನೊಂದೂ ದಾಟಿತು. ಹೇಳಿ, ಹೇಳಿ ಎಂದು ಅವಳ ಪ್ರಾಣ ಬಾಯಿಗೆ ಬಂದಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಹಿಡಿದಳು.

"ಅಮ್ಮ ಕೇಳಿದ್ರು, ಇರೋದು ಇಬ್ಬರು, ಎರಡು ರೂಮು ಯಾಕೆ ಅಂತ. ನಾನು ಅಂದೆ..."

ಹೊರಗೆ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೊನೆಯ ಬೋಗಿ ಬಂತು.

"ಇನ್ನೊಬ್ಬರು ಬರಬಹುದು ಅಂದೆ. ಅವರನ್ನ ಇನ್ನೂ ಕೇಳಿಲ್ಲ ಅಂದೆ. ಅವತ್ತು ಮೇಲೆ... ಕೇಳೋಕೇ ಶುರು ಮಾಡಿದ್ದು. 'ನಾಳೆಯಿಂದ ನನಗೆ ನೀವಿಲ್ಲದೆ ಆಗಲ್ಲ' ಅಂತ." ಅವನು ಕ್ಯಾಬಿನ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಬರ್ತೀರಾ?"

ಇಡೀ ಸ್ಟೇಷನ್ನನ್ನು ಬಾಯಲ್ಲೇ ಆಳುತ್ತಿದ್ದವಳಿಗೆ ಮಾತೇ ಹೊರಡಲಿಲ್ಲ. ಬಾಯಿ ತೆರೆದಳು. "ನಾ..." ಎಂದಳು. ಕಣ್ಣಿನಿಂದ ಬಳಬಳನೆ ನೀರು ಇಳಿಯಿತು. ಹೊರಡುವ ಗಂಟೆ ಹೊಡೆಯಿತು.

ಅವಳ ಮಾತನ್ನು ಅವನು ಮುಗಿಸಲು ಹೋಗಲಿಲ್ಲ. "ನಿಧಾನ," ಎಂದಷ್ಟೇ ಹೇಳಿ ಒಳಗೆ ಹೋದ.

ಮುಚ್ಚಿದ ಬಾಗಿಲಿಗೆ ಹಣೆ ಆನಿಸಿ ದಾರಿಯುದ್ದಕ್ಕೂ ನಿಂತಿದ್ದಳು. ತನ್ನ ಸ್ಟೇಷನ್ನಿನಲ್ಲಿ ಇಳಿದು ಕಿಟಕಿಯ ಬಳಿ ಓಡಿದಳು. "ನಾನು..." ಪೀಂ ಪೀಂ. ಗಾಡಿ ಹೊರಟಿತು.

ಶನಿವಾರ ಸೂಪರ್‌ವೈಸರನ ಮುಂದೆ ನಿಂತಳು. "ಆ ತುದಿ ಕೊಡಿ ಸಾರ್."

"ಶೆಡ್ಡಾ? ಅಲ್ಲೇನಿದೆ ಅಂತ ಹೋಗ್ತೀಯಮ್ಮ? ತಲೆ ಗಿಲೆ ಕೆಟ್ಟಿದ್ಯಾ?"

"ಅಲ್ಲಿ ಗಾಡಿ ನಿಲ್ಲುತ್ತೆ ಸಾರ್."

ಸೋಮವಾರ ಬೆಳಿಗ್ಗೆ ತಗಡಿನ ಶೆಡ್ಡಿನ ಪಕ್ಕ ಗಾಡಿ ಬಂದು ನಿಂತಿತು. ಎರಡು ದಿನದಿಂದ ಉತ್ತರವಿಲ್ಲದೆ ಬಾಡಿದ್ದ ಮುಖ ಹೊತ್ತು ಅವನು ಕ್ಯಾಬಿನ್ನಿನಿಂದ ಹೊರಬಂದ. ಮೊದಲ ಬೋಗಿಯ ಬಾಗಿಲಲ್ಲಿ, ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ, ಅವಳು.

"ಸ್ವಾಮಿ," ಎಂದಳು. "ಕೊನೇ ಸ್ಟೇಷನ್ ಬಂತು."

ಅವನು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ. ಇಬ್ಬರೂ ನಡೆದರು. ಅವಳು ಅಕ್ಕನ ವಿಷಯ ಹೇಳಿದಳು, ಸಮುದ್ರದ ಗಾಳಿಯ ವಿಷಯ ಹೇಳಿದಳು, ಎರಡು ಸಲ ನಿಂತಳು, ಒಂದು ಸಲ ಮೂಗು ಒರೆಸಿಕೊಂಡಳು. 'ಬರ್ತೀನಿ' ಎಂಬ ಒಂದು ಮಾತು ಹೇಳಲು ಅವಳಿಗೆ ಇಡೀ ಗಾಡಿ ಬೇಕಾಯಿತು.